ಕೈಕೆಲಸದ ಗುರುತು ಎಲ್ಲಿರಬೇಕು?



ಚಹಾ ಫ್ಯಾಕ್ಟರಿಯಿಂದ ಹೊರಡುವ ಪ್ರತಿಯೊಂದು ಮೂಟೆಯ ಮೇಲೂ ತೋಟದ ಗುರುತು ಇರುತ್ತದೆ. ಪ್ಲೈವುಡ್ ಪೆಟ್ಟಿಗೆಗಳಿದ್ದ ಕಾಲದಲ್ಲಿ ತಗಡಿನ ಅಚ್ಚು ಇಟ್ಟು, ಕಪ್ಪು ಬಣ್ಣ ಬಳಿದು, ತೋಟದ ಹೆಸರು, ಚಹಾದ ದರ್ಜೆ, ಇನ್‌ವಾಯ್ಸ್ ನಂಬರು, ತೂಕ ಇವಿಷ್ಟನ್ನೂ ಬರೆಯುತ್ತಿದ್ದರು. ಈಗ ಪೆಟ್ಟಿಗೆ ಹೋಗಿ ಕಾಗದದ ಚೀಲ ಬಂದಿದೆ. ಆದರೆ ಬರೆಯುವ ಸಂಗತಿ ಬದಲಾಗಿಲ್ಲ. ಹರಾಜಿನಲ್ಲಿ ಕೊಳ್ಳುವವನು ಚಹಾದ ರುಚಿಯೊಂದಿಗೆ ತೋಟದ ಗುರುತನ್ನೂ ಗಮನಿಸಿಯೇ ಬೆಲೆ ಹೇಳುತ್ತಾನೆ. ಒಳ್ಳೆಯ ಹೆಸರು ಪಡೆದ ತೋಟದ ಚಹಾಕ್ಕೆ ಕಿಲೋ ಒಂದಕ್ಕೆ ಕೆಲವು ರೂಪಾಯಿ ಹೆಚ್ಚೇ ಸಿಗುತ್ತದೆ. ಗುರುತಿಗೆ ಬೆಲೆಯಿದೆ ಎಂಬುದನ್ನು ಎಸ್ಟೇಟಿನವರಾದ ನಮಗೆ ಬೇರೆಯವರು ಕಲಿಸಬೇಕಾದದ್ದಿಲ್ಲ.

ಎಲೆ ಕಿತ್ತ ಕೈಯ ಗುರುತಾದರೋ ತೂಕದ ತಕ್ಕಡಿಯವರೆಗೆ ಮಾತ್ರ. ಚೆಕ್ ರೋಲಿನಲ್ಲಿ ನಂಬರು, ಅದರ ಎದುರಿಗೆ ಕಿಲೋ. ಅಲ್ಲಿಂದ ಮುಂದೆ ನೂರು ಜನರ ಎಲೆ ಒಂದೇ ತೊಟ್ಟಿಯಲ್ಲಿ ಬಾಡುತ್ತದೆ, ಒಂದೇ ಯಂತ್ರದಲ್ಲಿ ಅರೆಯುತ್ತದೆ. ಇದು ಚಹಾದ ಕೆಲಸದ ಸ್ವಭಾವ. ಇದರ ಮೇಲೆ ನಾವು ದೂರು ಹೇಳುವುದಿಲ್ಲ. ಆದರೆ ಸಂಜೆಯ ಹೊತ್ತು ಲೈನು ಮನೆಯ ಜಗಲಿಯಲ್ಲಿ ಕುಳಿತು ನಮ್ಮ ಅಕ್ಕ ತಂಗಿಯರು ಹೆಣೆಯುವ ಉಣ್ಣೆಯ ಟೋಪಿ, ಕೆಲಸದಿಂದ ನಿವೃತ್ತರಾದ ಹಿರಿಯರು ನೇಯುವ ಬಿದಿರಿನ ಬುಟ್ಟಿ, ಯುವಕರು ಕೆತ್ತುವ ಮರದ ಸೌಟು ಇವು ಹಾಗಲ್ಲ. ಇವನ್ನು ಒಂದೇ ಕೈ ಪ್ರಾರಂಭಿಸಿ ಅದೇ ಕೈ ಮುಗಿಸುತ್ತದೆ. ಹಾಗಿದ್ದರೂ ಇವು ಕೂಡ ಎಲೆಯ ಹಾಗೆಯೇ ಹೆಸರಿಲ್ಲದೆ ಪೇಟೆಗೆ ಹೋಗುತ್ತಿವೆ. ಇದು ಸರಿಯೇ ಎಂದು ನಾವು ಕೇಳಬೇಕಾಗಿದೆ.

ಕೆಲವರು ಗುರುತು ಹಾಕುತ್ತಾರೆ, ಇಲ್ಲವೆಂದಲ್ಲ. ಒಂದು ಚೂರು ರಟ್ಟಿನ ಮೇಲೆ ಹೆಸರು ಬರೆದು ದಾರದಲ್ಲಿ ಕಟ್ಟುತ್ತಾರೆ. ಅಥವಾ ಅಂಟುವ ಚೀಟಿಯನ್ನು ಹಚ್ಚುತ್ತಾರೆ. ಆ ರಟ್ಟಿನ ಆಯುಷ್ಯ ಎಷ್ಟು? ಸರಕು ಸಂಗ್ರಹಿಸುವವನ ಕೈಗೆ ಬಂದಾಗ ದಾರ ಕತ್ತರಿಸುತ್ತಾನೆ. ಅಂಗಡಿಯವನು ತನ್ನ ಚೀಟಿ ಹಚ್ಚುತ್ತಾನೆ. ಕೊಂಡವನ ಮನೆಗೆ ಹೋಗುವ ಹೊತ್ತಿಗೆ ಆ ಟೋಪಿ ಯಾವ ಬೆಟ್ಟದಲ್ಲಿ, ಯಾರ ಕೈಯಲ್ಲಿ ಆಯಿತೆಂಬ ಸುಳಿವೇ ಇರುವುದಿಲ್ಲ. ಅವನಿಗೆ ಅದು ಬಹಳ ಮೆಚ್ಚಿಗೆಯಾಗಿ ಇನ್ನೂ ನಾಲ್ಕು ಬೇಕೆಂದರೆ ಅವನು ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಯಾರು ಅಗ್ಗವಾಗಿ ಕೊಡುತ್ತಾರೋ ಅವರಲ್ಲಿಗೆ ಹೋಗುತ್ತಾನೆ. ಹೀಗೆ ಒಂದೊಂದು ಹೊಲಿಗೆಯನ್ನೂ ಎಣಿಸಿ ಹೆಣೆದವಳಿಗೂ, ಆತುರದಲ್ಲಿ ಮುಗಿಸಿದವಳಿಗೂ ಒಂದೇ ಬೆಲೆ. ಒಳ್ಳೆಯ ಕೆಲಸಕ್ಕೆ ಪ್ರತಿಫಲವಿಲ್ಲದೆ ಹೋದರೆ ಒಳ್ಳೆಯ ಕೆಲಸವೇ ಮೆಲ್ಲಗೆ ನಿಂತು ಹೋಗುತ್ತದೆ.

ಆದುದರಿಂದ ಈ ಸಂಚಿಕೆಯಲ್ಲಿ ನಾವು ಹೇಳಬಯಸುವ ಮಾತು ಒಂದೇ. ಗುರುತನ್ನು ವಸ್ತುವಿಗೆ ಕಟ್ಟಬಾರದು, ವಸ್ತುವಿನೊಳಗೇ ಸೇರಿಸಬೇಕು. ವಸ್ತುವನ್ನು ಕೆಡಿಸದೆ ಅದನ್ನು ತೆಗೆಯಲು ಆಗಬಾರದು.

ಇದು ಹೊಸ ಉಪಾಯವಲ್ಲ. ಬೇಲೂರಿನ ದೇವಾಲಯವನ್ನು 1117ರಲ್ಲಿ ಕಟ್ಟಿಸಿದವನು ಹೊಯ್ಸಳ ಅರಸನಾದ ವಿಷ್ಣುವರ್ಧನ; ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿಯ ಮದನಿಕೆಯರ ಶಿಲ್ಪಗಳಲ್ಲಿ ಕೆಲವನ್ನು ಕಡೆದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಎಂಬುದು ನಮಗೆ ತಿಳಿದದ್ದು ಹೇಗೆ? ಅವರು ತಮ್ಮ ಹೆಸರನ್ನು ಅದೇ ಕಲ್ಲಿನಲ್ಲಿ, ಶಿಲ್ಪದ ಬುಡದಲ್ಲಿ ಕೊರೆದಿಟ್ಟರು. 13ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಹಲವಾರು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಬರೆದನು. ಕೆಲವು ಕಡೆ ‘ಮಲ್ಲಿ’ ಎಂದು ಮಾತ್ರ, ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ. ಈ ಶಿಲ್ಪಿಗಳು ಹೆಸರು ಹಾಕಿದ ಸ್ಥಳವನ್ನು ಗಮನಿಸಿರಿ. ಮುಖದ ಮೇಲೆ ಹಾಕಲಿಲ್ಲ, ಎದೆಯ ಮೇಲೆ ಹಾಕಲಿಲ್ಲ. ಪಾದದ ಕೆಳಗೆ, ಪೀಠದ ಮೇಲೆ ಹಾಕಿದರು. ನೋಡುವವನ ಕಣ್ಣು ಮೊದಲು ಶಿಲ್ಪವನ್ನು ನೋಡುತ್ತದೆ. ಯಾರು ಮಾಡಿದರೆಂದು ತಿಳಿಯಬೇಕೆನ್ನುವವನು ಬಗ್ಗಿದರೆ ಅಲ್ಲಿ ಉತ್ತರ ಸಿಗುತ್ತದೆ. ಏಳು ನೂರು ವರ್ಷಕ್ಕೂ ಮೇಲಾಯಿತು. ಆ ಹೆಸರುಗಳು ಇನ್ನೂ ಅಲ್ಲಿಯೇ ಇವೆ.

ಇನ್ನೊಂದು ಉದಾಹರಣೆ ನಮ್ಮ ಮಾಡಿನ ಮೇಲೆಯೇ ಇರಬಹುದು. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು. ಅವರ ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಉಬ್ಬು ಅಕ್ಷರಗಳಲ್ಲಿ ಇರುತ್ತಿತ್ತು. ಹಸಿ ಮಣ್ಣನ್ನು ಅಚ್ಚಿನಲ್ಲಿ ಒತ್ತುವಾಗಲೇ ಹೆಸರೂ ಮೂಡುತ್ತಿತ್ತು. ಬೆಂಕಿಯಲ್ಲಿ ಸುಟ್ಟ ಮೇಲೆ ಅದನ್ನು ಯಾರೂ ಅಳಿಸುವಂತಿರಲಿಲ್ಲ. ಮೇಲ್ಮೈ ಮಳೆ ಬಿಸಿಲುಗಳಿಗೆ ಒಡ್ಡಿಕೊಂಡು ಪಾಚಿ ಹಿಡಿಯುತ್ತದೆ. ಒಳಮೈ ಹಾಗೆಯೇ ಉಳಿಯುತ್ತದೆ. ಮನೆಯೊಳಗೆ ಚಾಪೆಯ ಮೇಲೆ ಮಲಗಿದವನು ಕಣ್ಣೆತ್ತಿದರೆ ಓದಬಹುದು. ಮನೆ ಬಿದ್ದು ಹೋದ ಮೇಲೆಯೂ ಒಡೆದ ಚೂರೊಂದು ಸಿಕ್ಕಿದರೆ ಅದು ಎಲ್ಲಿಯದೆಂದು ಹೇಳಬಹುದು. ಆದರೆ ಅದೇ ಹಂಚಿನಲ್ಲಿ ಮಣ್ಣು ತುಳಿದವನ ಹೆಸರಾಗಲಿ, ಅಚ್ಚಿನ ಯಂತ್ರ ತಿರುಗಿಸಿದವನ ಹೆಸರಾಗಲಿ ಇಲ್ಲ. ಗುರುತು ಎಲ್ಲಿರಬೇಕೆಂಬ ಪಾಠವನ್ನು ಹಂಚಿನಿಂದ ಕಲಿಯೋಣ. ಯಾರ ಗುರುತೆಂಬ ಪಾಠವನ್ನು ದಾಸೋಜನಿಂದ ಕಲಿಯೋಣ.

ಚಿನ್ನದ ವಿಷಯವನ್ನೂ ನೋಡಿರಿ. ನಮ್ಮ ದೇಶದಲ್ಲಿ 2021ರ ಜೂನ್ ತಿಂಗಳಿಂದ ಜಿಲ್ಲೆ ಜಿಲ್ಲೆಯಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಗಳಲ್ಲಿ ಬಿ.ಐ.ಎಸ್. ಚಿಹ್ನೆ ಮತ್ತು ಶುದ್ಧತೆಯ ಅಂಕೆಯೊಂದಿಗೆ ಅಕ್ಷರ ಅಂಕೆಗಳು ಕೂಡಿದ ಆರು ಸ್ಥಾನದ ಸಂಖ್ಯೆಯೂ ಇರಲೇಬೇಕಾಯಿತು. ಉಂಗುರದಲ್ಲಾದರೆ ಅದನ್ನು ಒಳಸುತ್ತಿನಲ್ಲಿಯೂ, ಸರದಲ್ಲಾದರೆ ಕೊಂಡಿಯ ಹತ್ತಿರವೂ ಹಾಕುತ್ತಾರೆ. ಹಾಕಿಕೊಂಡವಳ ಅಂದಕ್ಕೆ ಕುಂದಿಲ್ಲ. ಅಡವಿಡಲು ಹೋದಾಗ ಪರೀಕ್ಷಿಸುವವನ ಕಣ್ಣಿಗೆ ಬೀಳದೆಯೂ ಇಲ್ಲ.

ಈ ಮೂರು ಉದಾಹರಣೆಗಳಿಂದ ಮೂರು ನಿಯಮಗಳು ದೊರೆಯುತ್ತವೆ. ಮೊದಲನೆಯದು, ಗುರುತು ವಸ್ತುವಿನ ಅಂದವನ್ನು ಕೆಡಿಸಬಾರದು. ಎರಡನೆಯದು, ವಸ್ತು ಸವೆಯುವ ಜಾಗದಲ್ಲಿ ಗುರುತು ಇರಬಾರದು. ಎಲ್ಲಕ್ಕಿಂತ ಕೊನೆಗೆ ಸವೆಯುವ ಜಾಗದಲ್ಲಿರಬೇಕು. ಮೂರನೆಯದು, ಕೆಲಸ ಮುಗಿಯುವ ಮೊದಲೇ ಅದನ್ನು ಹಾಕಬೇಕು. ಕೆಲಸ ಮುಗಿದ ಮೇಲೆ ಅಂಟಿಸಿದ ಗುರುತನ್ನು ಇನ್ನೊಬ್ಬನು ಸುಲಭವಾಗಿ ಕೀಳುತ್ತಾನೆ.

ಇನ್ನು ಒಂದೊಂದು ಕೆಲಸಕ್ಕೂ ಈ ನಿಯಮಗಳು ಹೇಗೆ ಹೊಂದುತ್ತವೆಂದು ನೋಡೋಣ.

ಬಿದಿರಿನ ಬುಟ್ಟಿಯ ತಳಭಾಗ ನೆಲಕ್ಕೆ ಉಜ್ಜಿ ಬೇಗ ಸವೆಯುತ್ತದೆ. ಆದುದರಿಂದ ತಳದಲ್ಲಿ ಗುರುತು ಬೇಡ. ಬಾಯಿಯ ಕಟ್ಟಿಗಿಂತ ಒಂದು ಸುತ್ತು ಕೆಳಗೆ, ಬಣ್ಣ ಹಾಕಿದ ಒಂದು ಸೀಳನ್ನು ನಿಮ್ಮದೇ ಲೆಕ್ಕದಲ್ಲಿ ಸೇರಿಸಿ ನೇಯಿರಿ. ಮೂರು ಗೆರೆ ಬಿಟ್ಟು ಒಂದು, ಅಥವಾ ಎರಡು ಬಿಟ್ಟು ಎರಡು, ಹೀಗೆ ಯಾವುದಾದರೂ ಒಂದು ಲೆಕ್ಕ. ಓದು ಬರೆಹ ಬಾರದವರಿಗೂ ಇದು ಸಾಧ್ಯ. ಬುಟ್ಟಿಯನ್ನು ಬಿಚ್ಚದೆ ಆ ಸೀಳನ್ನು ಎಳೆದು ತೆಗೆಯಲು ಯಾರಿಂದಲೂ ಆಗದು.

ಮಣ್ಣಿನ ಪಾತ್ರೆಗೆ ತೀರ ಹಸಿಯಾಗಿರುವಾಗ ಗುರುತು ಒತ್ತಿದರೆ ಮಸುಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಒತ್ತಿದರೆ ಬಿರುಕು ಬಿಡುತ್ತದೆ. ಅರೆ ಒಣಗಿದಾಗಲೇ ಒತ್ತಬೇಕು. ಬಟ್ಟಲು, ಹೂಕುಂಡಗಳಾದರೆ ಚಪ್ಪಟೆ ತಳದ ಕೆಳಗೆ ಸಾಕು. ಗುಂಡು ತಳದ ಗಡಿಗೆಯ ತಳವನ್ನು ಬಡಿದು ತೆಳುಮಾಡುವುದರಿಂದಲೂ, ಒಲೆಯ ಮಸಿ ಹಿಡಿಯುವುದರಿಂದಲೂ ಅಲ್ಲಿ ಬೇಡ. ಕೊರಳಿನ ಕೆಳಗೆ ಹೆಗಲ ಮೇಲೆ ಚಿಕ್ಕದಾಗಿ ಒತ್ತಿರಿ.

ಮರದ ಸೌಟಿಗೆ ಹಿಡಿಯ ಹಿಂಬದಿ ಸರಿಯಾದ ಸ್ಥಳ. ಅನ್ನ ಸಾರು ಮುಟ್ಟುವ ಕಡೆಯಲ್ಲಿ ಸುಟ್ಟ ಗುರುತಾಗಲಿ ಬಣ್ಣವಾಗಲಿ ಇರಬಾರದು. ಮಣೆ, ಸ್ಟೂಲುಗಳಿಗೆ ಹಲಗೆಯ ಅಡಿಭಾಗ. ಕಾಲಿನ ತುದಿಯಲ್ಲಿ ಹಾಕಿದ ಗುರುತು ನೀರು ಹೀರಿ ಕೊಳೆತು ಹೋಗುತ್ತದೆ. ಕಬ್ಬಿಣದ ಚಿಕ್ಕ ಅಚ್ಚೊಂದನ್ನು ಕಾಯಿಸಿ ಒಂದೇ ಸಲ ಒತ್ತಿದರೆ ಸಾಕು. ಎರಡು ಸಲ ಒತ್ತಿದರೆ ಗೆರೆಗಳು ಕಲಸಿ ಹೋಗುತ್ತವೆ.

ಕತ್ತಿ ಮಾಡುವವರು ನಮ್ಮಲ್ಲಿ ಕಡಿಮೆ. ಆದರೆ ಕವಾತು ಕತ್ತಿಯನ್ನು ಕೊಳ್ಳುವವರು ನಾವೇ ಆದುದರಿಂದ ಇದನ್ನೂ ತಿಳಿದಿರುವುದು ಒಳ್ಳೆಯದು. ಬಾಯಿಯ ಹತ್ತಿರ ಹಾಕಿದ ಗುರುತು ಮಸೆದಂತೆಲ್ಲ ಸವೆದು ಹೋಗುತ್ತದೆ. ಹಿಡಿಯೊಳಗೆ ಹೋಗುವ ಬಾಲದ ಮೇಲೆ ಹಾಕಿದರೆ ಉಳಿಯುತ್ತದೆ, ಆದರೆ ಕೊಳ್ಳುವವನಿಗೆ ಕಾಣಿಸುವುದಿಲ್ಲ. ಜಪಾನಿನ ಖಡ್ಗ ಮಾಡುವವರು ಹೆಸರು ಕೊರೆಯುವುದು ಆ ಬಾಲದ ಮೇಲೆಯೇ. ಹಿಡಿ ಬಿಚ್ಚಿ ನೋಡಬಲ್ಲ ತಿಳಿದವರಿಗಾಗಿ ಅದು. ನಮ್ಮ ಕತ್ತಿಗೆ ಹಿಡಿಯಿಂದ ಒಂದು ಬೆರಳು ಮುಂದೆ, ಬೆನ್ನಿನ ಕಡೆಗೆ ಗುರುತು ಇದ್ದರೆ ಸಾಕು. ನೀರಿನಲ್ಲಿ ಅದ್ದಿ ಹದ ಮಾಡುವ ಮೊದಲೇ ಅದನ್ನು ಹೊಡೆಯಬೇಕು. ಹದವಾದ ಉಕ್ಕಿನ ಮೇಲೆ ಹೊಡೆದರೆ ಸೀಳು ಬಿಡುವ ಭಯವುಂಟು.

ಹೊಲಿಗೆ ಮತ್ತು ಹೆಣಿಗೆಯ ವಿಷಯ ನಮ್ಮ ತಾಯಂದಿರಿಗೆ ಮುಖ್ಯವಾದದ್ದು. ಕುತ್ತಿಗೆಯ ಹಿಂದೆ ಗಡುಸಾದ ಪಟ್ಟಿಯನ್ನು ಹೊಲಿದರೆ ಅದು ಮೈಗೆ ಚುಚ್ಚುತ್ತದೆ. ತೊಟ್ಟವರೇ ಮೊದಲ ದಿನ ಅದನ್ನು ಕತ್ತರಿಸಿ ಎಸೆಯುತ್ತಾರೆ. ನಾವು ಹಾಕಿದ ಗುರುತನ್ನು ಕೊಂಡವರೇ ತೆಗೆಯುವಂತೆ ಮಾಡಬಾರದು. ಮೆತ್ತಗಿನ ಹತ್ತಿಯ ಪಟ್ಟಿಯನ್ನು ಎರಡಾಗಿ ಮಡಚಿ, ಎರಡು ತುದಿಗಳೂ ಪಕ್ಕದ ಹೊಲಿಗೆಯೊಳಗೆ ಸಿಕ್ಕುವಂತೆ ಸೊಂಟದ ಕೆಳಗೆ ಹೊಲಿಯಿರಿ. ಅದನ್ನು ಕೀಳಬೇಕಾದರೆ ಹೊಲಿಗೆಯನ್ನೇ ಬಿಚ್ಚಬೇಕಾಗುತ್ತದೆ. ಕ್ರೋಶಾ ಕೆಲಸಕ್ಕೆ ಪಟ್ಟಿಯೂ ಬೇಡ. ಒಂದು ಮೂಲೆಯಲ್ಲಿ ಅದೇ ದಾರದಿಂದ ಒಂದಕ್ಷರವನ್ನೋ ಒಂದು ಚಿಕ್ಕ ಎಲೆಯನ್ನೋ ಹೆಣೆದರೆ ಸಾಕು.

ಎರಡು ಮಗ್ಗುಲೂ ಅಂದವಾಗಿರುವ ಬಟ್ಟೆಗೆ ಗುರುತು ಎಲ್ಲಿ ಹಾಕಬೇಕು? ಇದು ನೀಲಗಿರಿಯಲ್ಲಿ ಹುಟ್ಟುವ ಪ್ರಶ್ನೆಯೇ. ತೊದವ ಸ್ತ್ರೀಯರು ದಪ್ಪ ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರಗಳಿಂದ ಕಸೂತಿ ಹಾಕುತ್ತಾರೆ. ಚೌಕಟ್ಟು ಇಲ್ಲ, ಮೊದಲು ಬರೆದುಕೊಂಡ ಚಿತ್ರವೂ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ ಹಿಂದು ಮುಂದು ಎರಡೂ ನೋಡತಕ್ಕದ್ದಾಗಿರುತ್ತವೆ. ಇಂಥ ಬಟ್ಟೆಗೆ ಉಳಿಯುವ ಜಾಗ ಅಂಚಿನ ಮಡಿಕೆಯೊಂದೇ. ಅಲ್ಲಿ ಅದೇ ಕೆಂಪು ದಾರದಿಂದ ಹಾಕಿದ ಚಿಕ್ಕ ಗುರುತು ಯಾವ ಮಗ್ಗುಲನ್ನೂ ಕೆಡಿಸುವುದಿಲ್ಲ.

ಈ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯೆಂಬ ಸರಕಾರಿ ರಕ್ಷಣೆ ದೊರಕಿತು. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಕೊಡುವ ರಕ್ಷಣೆಯಿದು. ಇದರಿಂದ ಬಹಳ ಪ್ರಯೋಜನವಿದೆ. ಬೇರೆ ಊರಿನ ಯಂತ್ರದಲ್ಲಿ ಹೊಲಿದದ್ದನ್ನು ತೊದವ ಕಸೂತಿಯೆಂದು ಮಾರುವವನನ್ನು ಪ್ರಶ್ನಿಸಬಹುದು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಆ ಸೂಚಿಕೆ ಬೆಟ್ಟದ ಹೆಸರನ್ನು ಹೇಳುತ್ತದೆ, ಜನಾಂಗದ ಹೆಸರನ್ನು ಹೇಳುತ್ತದೆ. ಹೊಲಿದ ಸ್ತ್ರೀಯ ಹೆಸರನ್ನು ಹೇಳುವುದಿಲ್ಲ. ಆ ಕೆಲಸ ಅಂಚಿನಲ್ಲಿರುವ ಅವಳ ಸ್ವಂತ ಗುರುತಿನದು.

ಆದಕಾರಣ ಎರಡು ಗುರುತುಗಳಿರಲಿ ಎಂಬುದು ನಮ್ಮ ಸಲಹೆ. ಒಂದು, ಸ್ವಸಹಾಯ ಗುಂಪಿಗೋ ಲೈನಿಗೋ ಸೇರಿದ ಸಾಮಾನ್ಯ ಗುರುತು. ಕೊಂಡವರು ಮತ್ತೆ ಹುಡುಕಿಕೊಂಡು ಬರುವುದು ಇದರಿಂದ. ಇನ್ನೊಂದು, ಅದರ ಪಕ್ಕದಲ್ಲಿ ಕೆಲಸ ಮಾಡಿದವರ ಚಿಕ್ಕ ಗುರುತು: ಒಂದು ಚುಕ್ಕೆ, ಎರಡು ಗೆರೆ, ಒಂದು ಗಂಟು. ಯಾರ ಗುರುತು ಯಾವುದೆಂದು ಗುಂಪಿನ ಪುಸ್ತಕದಲ್ಲಿ ಬರೆದಿಡಿರಿ. ಒಬ್ಬರ ಗುರುತನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ಹೀಗೆ ಮಾಡಿದರೆ ಮೆಚ್ಚುಗೆ ಬಂದಾಗ ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತದೆ. ತಪ್ಪು ಕಂಡಾಗ ಹೊರಗಿನವರ ಮುಂದೆ ಯಾರನ್ನೂ ನಾಚಿಸದೆ ಒಳಗೇ ತಿದ್ದಬಹುದು. ಸಾಮಾನ್ಯ ಗುರುತನ್ನು ನೋಂದಾಯಿಸಬೇಕೆಂದು ತೋರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಸಂಘಗಳಿಗೆ ಸಾಮೂಹಿಕ ಗುರುತಿನ ಅವಕಾಶವಿದೆ. ನೋಂದಾಯಿಸಿದ ಗುರುತು ಹತ್ತು ವರ್ಷ ನಡೆಯುತ್ತದೆ, ಆ ಮೇಲೆ ನವೀಕರಿಸಬಹುದು. ಆದರೆ ನೋಂದಣಿಯಾಗುವ ತನಕ ಗುರುತು ಹಾಕಬಾರದೆಂಬ ನಿಯಮವೇನೂ ಇಲ್ಲ. ಮೊದಲು ಹಾಕುವುದನ್ನು ರೂಢಿ ಮಾಡಿಕೊಳ್ಳಿರಿ.

‘ಗುರುತು ಹಾಕಿದರೆ ವ್ಯಾಪಾರಿ ಕೊಳ್ಳುವುದಿಲ್ಲ, ಅಕ್ಕಿಗೆ ದುಡ್ಡು ಬೇಕಾದಾಗ ಗುರುತಿನ ಮಾತು ಯಾಕೆ?’ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ನಿಜವಾಗಿಯೂ ಕೆಲವು ವ್ಯಾಪಾರಿಗಳು ಒಪ್ಪುವುದಿಲ್ಲ, ಯಾಕೆಂದರೆ ಮಾಡಿದವರನ್ನು ಕೊಂಡವರು ನೇರವಾಗಿ ಕಂಡರೆ ನಡುವಿನ ಲಾಭಕ್ಕೆ ಪೆಟ್ಟು ಬೀಳುತ್ತದೆ. ಒಬ್ಬಂಟಿಯಾಗಿ ಎದುರು ನಿಂತವಳು ಸೋಲುತ್ತಾಳೆ. ಆದರೆ ಲೈನಿನ ಇಪ್ಪತ್ತು ಮನೆಗಳೂ ಗುರುತು ಹಾಕಿಯೇ ಕೊಡುತ್ತೇವೆಂದರೆ ಅವನು ಇಪ್ಪತ್ತು ಮನೆಗಳನ್ನೂ ಬಿಟ್ಟು ಹೋಗುವುದು ಸುಲಭವಲ್ಲ. ಕೂಲಿಯ ವಿಷಯದಲ್ಲಿ ನಾವು ಕಲಿತ ಪಾಠವೇ ಇಲ್ಲಿಯೂ ಸಲ್ಲುತ್ತದೆ. ಒಂದು ರಾಜಿಯನ್ನೂ ಮಾಡಬಹುದು: ಹೊರಗೆ ಅಂಗಡಿಯ ಚೀಟಿ ಇರಲಿ, ಒಳಗೆ ನಮ್ಮ ಗುರುತು ಇರಲಿ. ವಸ್ತುವಿನ ಮುಖವನ್ನು ಬಿಟ್ಟು ಮರೆಯ ಜಾಗದಲ್ಲಿ ಗುರುತು ಹಾಕಿರೆಂದು ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಕೆಲವರು ‘ಹೆಸರು ಹಾಕಿಕೊಳ್ಳುವುದು ಅಹಂಕಾರವಲ್ಲವೇ?’ ಎನ್ನುತ್ತಾರೆ. ದೇವದರ್ಶನದ ಗುಡಾರದ ಕೆಲಸ ಮಾಡಿದ ಬೆಚಲೇಲ, ಒಹೊಲೀಯಾಬರ ಹೆಸರುಗಳನ್ನು ವಿಮೋಚನಕಾಂಡವು ತಂದೆಯ ಹೆಸರಿನೊಂದಿಗೆ, ಕುಲದ ಹೆಸರಿನೊಂದಿಗೆ ಬರೆದಿಟ್ಟಿದೆಯೆಂಬುದನ್ನು ಅವರು ನೆನಪು ಮಾಡಿಕೊಳ್ಳಲಿ. ಹೊಗಳಿಕೆಗಾಗಿ ಹಾಕುವ ಹೆಸರು ಬೇರೆ, ಹೊಣೆಗಾಗಿ ಹಾಕುವ ಗುರುತು ಬೇರೆ. ಬುಟ್ಟಿಯ ಕಟ್ಟು ಬಿಚ್ಚಿದರೆ, ಟೋಪಿಯ ಬಣ್ಣ ಒಗೆದಾಗ ಬಿಟ್ಟರೆ, ಅದೇ ಗುರುತು ಹಿಡಿದುಕೊಂಡು ದೂರು ನಮ್ಮ ಬಾಗಿಲಿಗೆ ಬರುತ್ತದೆ. ಅದನ್ನು ತಾಳಿಕೊಳ್ಳಲು ಸಿದ್ಧರಿರುವವರು ಮಾತ್ರ ಗುರುತು ಹಾಕಲಿ.

ಆದುದರಿಂದಲೇ ಕೆಲವು ಎಚ್ಚರಿಕೆಗಳು ಅವಶ್ಯ. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯಂತೆ ನಮ್ಮ ಕೆಲಸದ ಕುಂದು ನಮಗೆ ಕಾಣಿಸದಿರಬಹುದು. ಇನ್ನೊಬ್ಬರು ನೋಡಿ ಸರಿಯೆಂದ ಮೇಲೆ ಸಾಮಾನ್ಯ ಗುರುತನ್ನು ಹಾಕುವ ಪದ್ಧತಿಯಿರಲಿ. ಪೇಟೆಯಿಂದ ತಂದ ಯಂತ್ರದ ಸರಕಿಗೆ, ಹಬ್ಬದ ಬೇಡಿಕೆಗೆ ಸಾಲದೆ ಹೋಯಿತೆಂದು, ನಮ್ಮ ಗುರುತನ್ನು ಹೊಲಿಯುವುದು ಕಳ್ಳತನಕ್ಕೆ ಸಮಾನ. ಒಂದೇ ಸಲ ಹಾಗೆ ಮಾಡಿದರೂ ಆ ವರೆಗಿನ ಎಲ್ಲರ ದುಡಿಮೆಯ ಹೆಸರು ಹೋಗುತ್ತದೆ. ಗುರುತನ್ನು ಆಗಾಗ ಬದಲಾಯಿಸಲೂ ಬಾರದು. ಇಂದು ಹೂವು, ನಾಳೆ ನಕ್ಷತ್ರ ಎಂದಾದರೆ ಯಾರ ನೆನಪಿನಲ್ಲಿಯೂ ಅದು ನಿಲ್ಲುವುದಿಲ್ಲ.

ಎಸ್ಟೇಟಿನ ಕೆಲಸ ಎಲ್ಲ ತಿಂಗಳೂ ಒಂದೇ ಸಮ ಇರುವುದಿಲ್ಲ. ಎಲೆ ಕಡಿಮೆಯಾದ ತಿಂಗಳುಗಳಲ್ಲಿ ಮನೆಯ ಕೈಕೆಲಸದಿಂದ ಬರುವ ನಾಲ್ಕು ಕಾಸು ಮಗಳ ಶಾಲೆಯ ಫೀಜಿಗೋ, ಅಜ್ಜಿಯ ಔಷಧಕ್ಕೋ ಆಗುತ್ತದೆ. ಆ ಕಾಸು ಇನ್ನೊಂದಿಷ್ಟು ಹೆಚ್ಚಾಗಬೇಕಾದರೆ ಕೊಂಡವರು ಮಾಡಿದವರನ್ನು ಹುಡುಕಿಕೊಂಡು ಬರಲು ಒಂದು ದಾರಿ ಇರಬೇಕು. ಆ ದಾರಿಯನ್ನು ನಾವೇ ಮಾಡಿಕೊಳ್ಳಬೇಕು; ವ್ಯಾಪಾರಿ ಮಾಡಿಕೊಡುವುದಿಲ್ಲ.

ಸಹೋದರ ಸಹೋದರಿಯರೇ, ಮುಂದಿನ ಭಾನುವಾರ ಗುಂಪು ಕೂಡಿದಾಗ ನಿಮ್ಮ ನಿಮ್ಮ ಮನೆಯಲ್ಲಿ ಮಾಡಿದ ಒಂದೊಂದು ವಸ್ತುವನ್ನು ತನ್ನಿರಿ. ಅದನ್ನು ತಿರುಗಿಸಿ ನೋಡಿರಿ: ಎಲ್ಲಿ ಮೊದಲು ಸವೆಯುತ್ತದೆ, ಎಲ್ಲಿ ಕೊನೆಗೆ ಸವೆಯುತ್ತದೆ, ಎಲ್ಲಿ ಕಣ್ಣು ಬೀಳುತ್ತದೆ, ಎಲ್ಲಿ ಕೈ ಮುಟ್ಟುತ್ತದೆ ಎಂದು ಹಿರಿಯರೂ ಕಿರಿಯರೂ ಕೂಡಿ ಆಲೋಚಿಸಿರಿ. ಸ್ಥಳವನ್ನು ನಿಶ್ಚಯಿಸಿ, ಗುರುತನ್ನು ಪುಸ್ತಕದಲ್ಲಿ ಬರೆದು, ಅದರ ಮುಂದೆ ಆಯಾ ಕೆಲಸಗಾರರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿರಿ.